ಮೊಳೆ ಮನೆಗೆ ಬಂದದ್ದು

ಅಳಿಯನ ಕೆಲಸ ಹಲ್ಲಿನ ಸೆಟ್ ಮಾಡುವುದು. ದಂತವೈದ್ಯರು ರೋಗಿಗಳ ಬಾಯಿಯಿಂದ ತೆಗೆದ ಅಚ್ಚುಗಳು ಅವನು ದುಡಿಯುವ ಲ್ಯಾಬಿಗೆ ಬರುತ್ತಿದ್ದವು. ಅವಕ್ಕೆ ಪ್ಲಾಸ್ಟರ್ ಸುರಿದು, ಗುಲಾಬಿ ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುತ್ತಿದ್ದ. ದಿನವಿಡೀ ಮಾತಾಡದ ಬಾಯಿಗಳ ಜೊತೆಗಿದ್ದು ಇವನ ಬಾಯಿಗೂ ಬೀಗ ಬಿದ್ದಿದೆ ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು.

ಮನೆ ಅತ್ತೆಯದು. ಮಾವ ತೀರಿಕೊಂಡ ಮೇಲೆ ಮಗಳೂ ಅಳಿಯನೂ ಅಲ್ಲಿಗೇ ಬಂದು ನೆಲೆಸಿದ್ದರು. ಅತ್ತೆ ಅಳಿಯರ ನಡುವೆ ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಮಗಳೇ ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಆ ವರ್ಷ ತರಬೇತಿಗೆಂದು ಬೇರೆ ಊರಿಗೆ ಹೋದಳು, ಮನೆಯಲ್ಲಿ ಇವರಿಬ್ಬರೇ ಉಳಿದರು. ಇವರಿಬ್ಬರು, ಮತ್ತೆ ಎರಡು ಬೆಕ್ಕುಗಳು.

ಬೆಕ್ಕುಗಳಲ್ಲಿ ದೊಡ್ಡದು ಸಾಹೇಬ, ಕಿತ್ತಳೆ ಬಣ್ಣದ ಗಂಡು. ಬೀಜ ತೆಗೆಸಿ ಎಷ್ಟೋ ಕಾಲವಾಗಿದ್ದರೂ ನಡಿಗೆಯಲ್ಲಿ ಠೀವಿ ಹೋಗಿರಲಿಲ್ಲ. ಇನ್ನೊಂದು ಅಕ್ಕಯ್ಯ, ಬೂದು ಬಣ್ಣದ ಮುದಿ ಹೆಣ್ಣು. ಕಿಟಕಿ ಕಟ್ಟೆ ಬಿಟ್ಟು ಕದಲುತ್ತಿರಲಿಲ್ಲ. ಮಗಳು ಹೋದ ಮೇಲೆ ಅತ್ತೆ ಅಳಿಯನಿಗೆ ಹೇಳಬೇಕಾದ್ದನ್ನು ಸಾಹೇಬನಿಗೆ ಹೇಳತೊಡಗಿದರು. ಕೆಲವರು ಬಚ್ಚಲಿನ ದೀಪ ಆರಿಸದೆ ಹೋಗುತ್ತಾರೆ ಕಣಪ್ಪ ಸಾಹೇಬ, ಎನ್ನುತ್ತಿದ್ದರು. ಅಳಿಯ ಎದ್ದು ಹೋಗಿ ದೀಪ ಆರಿಸಿ ಬರುತ್ತಿದ್ದ. ಸಾಹೇಬ ಇಬ್ಬರನ್ನೂ ನೋಡಿ ಕಣ್ಣು ಮುಚ್ಚುತ್ತಿದ್ದ.

ಮರಿ ಸಿಕ್ಕಿದ್ದು ಲ್ಯಾಬಿನ ಹಿತ್ತಿಲಲ್ಲಿ, ಒಡೆದ ಪ್ಲಾಸ್ಟರ್ ಎಸೆಯುವ ಡ್ರಮ್ಮಿನ ಹಿಂದೆ. ತಾಯಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಮರಿಯ ಮೈಯೆಲ್ಲ ಬಿಳಿ ಪುಡಿ ಮೆತ್ತಿಕೊಂಡಿತ್ತು, ಒಂದು ಕಣ್ಣು ಅಂಟಿಕೊಂಡಿತ್ತು. ಅಳಿಯ ಟವೆಲ್ ಹಾಕಿ ಹಿಡಿಯಲು ಹೋದ. ಅದು ಟವೆಲ್ಲನ್ನೂ ದಾಟಿ ಹೆಬ್ಬೆರಳಿಗೆ ಹಲ್ಲು ಇಳಿಸಿತು. ರಕ್ತ ಸುರಿಯುತ್ತಿದ್ದರೂ ಅವನ ತಲೆಗೆ ಮೊದಲು ಬಂದದ್ದು, ಹಲ್ಲು ಚೆನ್ನಾಗಿವೆ ಎಂದು.

ಅವನು ಕಚ್ಚಿದ್ದಕ್ಕೆ ಸೂಜಿಮದ್ದು ಹಾಕಿಸಿಕೊಂಡು, ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಪ್ರಾಣಿಗಳ ಡಾಕ್ಟರ ಬಳಿ ಒಯ್ದ. ಆಕೆ ದಪ್ಪ ಕೈಗವಸು ತೊಟ್ಟು ಮರಿಯನ್ನು ತಿರುಗಿಸಿ ನೋಡಿ, ಕಣ್ಣಿಗೆ ಔಷಧಿ ಬಿಟ್ಟು, ಹೆಣ್ಣುಮರಿ ಎಂದರು. ಹುಟ್ಟಿದಾಗಿನಿಂದ ಮನುಷ್ಯರ ಕೈ ಸೋಕಿಲ್ಲ, ವಯಸ್ಸು ಸ್ವಲ್ಪ ಮೀರಿದೆ, ಪಳಗುತ್ತದೋ ಇಲ್ಲವೋ ಹೇಳಲಾಗದು ಎಂದರು. ಮನೆಯಲ್ಲಿ ಬೇರೆ ಬೆಕ್ಕುಗಳಿವೆ ಎಂದು ತಿಳಿದಾಗ ಕುರ್ಚಿ ಎಳೆದುಕೊಂಡು ಕೂತು ವಿವರವಾಗಿ ಹೇಳಿದರು: ರೋಗವಿಲ್ಲ ಎಂದು ಖಾತ್ರಿಯಾಗುವವರೆಗೆ ಒಂದು ಕೋಣೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ಇದರ ಬಟ್ಟೆ ಅವುಗಳ ಹತ್ತಿರ, ಅವುಗಳ ಬಟ್ಟೆ ಇದರ ಹತ್ತಿರ ಹಾಕಿ ವಾಸನೆ ಪರಿಚಯ ಮಾಡಿಸಬೇಕು. ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ. ಆಮೇಲೆ ಜಾಲರಿ. ಅವಸರ ಮಾಡಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ ಎಂದೂ ಹೇಳಿದರು.

ಇಷ್ಟೆಲ್ಲ ಕೇಳಿಸಿಕೊಂಡವನು ಅತ್ತೆಯನ್ನು ಮಾತ್ರ ಒಂದು ಮಾತು ಕೇಳಲಿಲ್ಲ. ಸೀದಾ ಮರಿಯನ್ನು ತಂದು ಹೆಂಡತಿ ಓದಿಕೊಳ್ಳುವ ಸಣ್ಣ ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿದ. ಸಾಹೇಬ ಬಂದು ಬಾಗಿಲ ಸಂದಿಗೆ ಮೂಗು ಹಚ್ಚಿದ, ಬಾಲ ಬಾಟಲಿ ತೊಳೆಯುವ ಬ್ರಷ್ಷಿನಂತೆ ಊದಿಕೊಂಡಿತು. ಅತ್ತೆ ಅಡುಗೆಮನೆಯಿಂದ ಬಂದು ನೋಡಿದರು.

"ನಮ್ಮನೆಗೆ ಯಾರೋ ಬಂದಿದಾರಂತೆ ಸಾಹೇಬ," ಎಂದರು. "ನಿನ್ನನ್ನಾದ್ರೂ ಕೇಳಿದ್ರಾ?"

ಅಳಿಯ ಹೆಂಡತಿಗೆ ಫೋನ್ ಮಾಡಿ, ಅಮ್ಮನಿಗೆ ನೀನೇ ಹೇಳು ಎಂದ. ಅವಳು, ಇಷ್ಟು ದೂರದಿಂದ ಅಂಚೆಯವಳ ಕೆಲಸ ನನ್ನಿಂದಾಗದು, ಎದುರಿಗಿದ್ದಾರಲ್ಲ ನೀನೇ ಮಾತಾಡು ಎಂದು ಫೋನ್ ಇಟ್ಟಳು. ಅವನು ಮಾತಾಡಲಿಲ್ಲ. ಅತ್ತೆ ಮರಿಯನ್ನು ಹೊರಗೆ ಹಾಕಿಬಿಡಿ ಎನ್ನಲೂ ಇಲ್ಲ.

ಮರಿಗೆ ಮೊಳೆ ಎಂದು ಹೆಸರಿಟ್ಟ. ಸಣ್ಣಗೆ, ನೆಟ್ಟಗೆ, ಚೂಪಾಗಿ ಇತ್ತು; ಮುಟ್ಟಿದರೆ ಚುಚ್ಚುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ಅವನು ಆ ಕೋಣೆಯ ನೆಲದ ಮೇಲೆ ಕೂರುತ್ತಿದ್ದ. ಮೊಳೆ ಪುಸ್ತಕದ ಕಪಾಟಿನ ಕೆಳಗೆ ಸೇರಿಕೊಂಡು ಬುಸ್ಸೆನ್ನುತ್ತಿತ್ತು. ಅವನು ಎದ್ದು ಹೋದ ಮೇಲೆಯೇ ತಟ್ಟೆ ಖಾಲಿಯಾಗುತ್ತಿತ್ತು. ಮಧ್ಯಾಹ್ನದ ಊಟ ಹಾಕುವವರು ಇರಲಿಲ್ಲ. ಒಂದು ಸಂಜೆ ಬಂದು ನೋಡಿದರೆ ತನ್ನದಲ್ಲದ ಒಂದು ತಟ್ಟೆ ಅಲ್ಲಿತ್ತು. ಅತ್ತೆಯ ಹಳೆಯ ಸ್ಟೀಲ್ ತಟ್ಟೆ. ಅವನು ಅದನ್ನು ತೊಳೆದು ಅಡುಗೆಮನೆಯಲ್ಲಿಟ್ಟ. ಮಾರನೆಯ ದಿನವೂ ಅದು ಕೋಣೆಯಲ್ಲಿತ್ತು.

ಬಟ್ಟೆ ಬದಲಾಯಿಸುವುದು ನಡೆಯಿತು. ಮೊಳೆ ಮಲಗಿದ ಟವೆಲ್ಲನ್ನು ಅಕ್ಕಯ್ಯ ಮೂಸಿ, ಕೆಟ್ಟ ಸುದ್ದಿ ಓದಿದವಳಂತೆ ಮುಖ ತಿರುಗಿಸಿತು. ಸಾಹೇಬ ಅದರ ಮೇಲೆ ಬಿದ್ದು ಹೊರಳಾಡಿದ. ಬಾಗಿಲಿನ ಎರಡೂ ಕಡೆ ಊಟ ಹಾಕಿದಾಗ ಮೊದಮೊದಲು ಗುರುಗುಟ್ಟಿದವು, ಆಮೇಲೆ ತಿನ್ನುವುದರಲ್ಲೇ ಮುಳುಗಿದವು. ಲ್ಯಾಬಿನಿಂದ ತಂತಿ ಕತ್ತರಿಸುವ ಇಕ್ಕಳ ತಂದು ಅಳಿಯ ಮರದ ಚೌಕಟ್ಟಿಗೆ ಜಾಲರಿ ಬಿಗಿದು ಬಾಗಿಲಿಗೆ ನಿಲ್ಲಿಸಿದ. ಈಗ ಒಂದರ ಮುಖ ಒಂದಕ್ಕೆ ಕಾಣುತ್ತಿತ್ತು. ಸಾಹೇಬ ಜಾಲರಿಗೆ ಎದೆಯೊರಗಿಸಿ ಮಲಗುತ್ತಿದ್ದ. ಒಳಗಿನಿಂದ ಮೊಳೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಒಂದು ಗೇಣು ಮುಂದೆ ಬಂದು, ಎರಡು ಗೇಣು ಹಿಂದೆ ಹೋಗುತ್ತಿತ್ತು.

ಇದನ್ನು ಕಂಡು ಅಳಿಯನಿಗೆ ಹುಮ್ಮಸ್ಸು ಬಂತು. ಒಂದು ರಜೆಯ ದಿನ ಅತ್ತೆ ತರಕಾರಿ ಹೆಚ್ಚುತ್ತಿದ್ದಾಗ ಜಾಲರಿ ತೆಗೆದೇಬಿಟ್ಟ. ಅಷ್ಟರಲ್ಲಿ ಸಾಹೇಬ ನುಗ್ಗಿದ. ಮೊಳೆ ಪರದೆ ಹತ್ತಿ, ಪರದೆ ಸಮೇತ ಕೆಳಗೆ ಬಿದ್ದು, ಅಳಿಯನ ಕಾಲ ಸಂದಿಯಲ್ಲಿ ತೂರಿ ಅಡುಗೆಮನೆಗೆ ಓಡಿತು. ಪಾತ್ರೆಯ ಕಪಾಟಿನ ಹಿಂದೆ, ಗೋಡೆಗೂ ಮರಕ್ಕೂ ನಡುವೆ ಇದ್ದ ಸಂದಿಯೊಳಗೆ ಮಾಯವಾಯಿತು. ಸಾಹೇಬ ಬೆನ್ನಟ್ಟಿ ಬಂದು ಸಂದಿಯ ಬಾಯಲ್ಲಿ ಕೂತ. ಅಕ್ಕಯ್ಯ ಕಿಟಕಿ ಕಟ್ಟೆಯಿಂದ ಎಲ್ಲರಿಗೂ ಸೇರಿಸಿ ಒಮ್ಮೆ ಬುಸ್ಸೆಂದು ಸುಮ್ಮನಾಯಿತು.

ಒಳಗಿನಿಂದ ಮರಿ ಅಳುತ್ತಿತ್ತು. ಅಳಿಯ ಕಪಾಟನ್ನು ಎಳೆಯಲು ಎರಡೂ ಕೈ ಹಾಕಿದ.

"ಎಳೀಬೇಡಿ," ಎಂದರು ಅತ್ತೆ. "ಕಾಲು ಸಿಕ್ಕಿಕೊಂಡ್ರೆ ಮುರಿದುಹೋಗತ್ತೆ. ಕೂತ್ಕೊಳ್ಳಿ."

ಅವರು ಅದನ್ನು ಸಾಹೇಬನಿಗೆ ಹೇಳಿರಲಿಲ್ಲ. ಅಳಿಯ ನೆಲದ ಮೇಲೆ ಕೂತ. ಅತ್ತೆ ಒಲೆ ಆರಿಸಿ, ಊಟದ ಬದಲಿಗೆ ಬ್ರೆಡ್ಡೂ ಬಾಳೆಹಣ್ಣೂ ಹಾಲೂ ತಂದು, ಮಂಡಿ ಹಿಡಿದುಕೊಂಡು ಎದುರಿಗೆ ಕೂತರು. ಸಾಹೇಬನನ್ನು ಆಚೆ ಒಯ್ಯಲು ಅವನು ಕೈ ಚಾಚಿದ. ಸಾಹೇಬ ಮೈ ಭಾರ ಬಿಟ್ಟು ಕಲ್ಲಾದ. ಕದನದ ಲಕ್ಷಣವೇನೂ ಕಾಣಲಿಲ್ಲ, ಬಾಲ ಇಳಿದಿತ್ತು. ಬಿಟ್ಟುಬಿಡಿ ಎಂದು ಅತ್ತೆ ಕೈಸನ್ನೆ ಮಾಡಿದರು.

ಮಾತಿನ ಸದ್ದು ಕೇಳುತ್ತಿದ್ದರೆ ಮರಿಗೆ ಧೈರ್ಯ ಬರಬಹುದೆಂದು ಅತ್ತೆ ಮೆಲುದನಿಯಲ್ಲಿ ಮಾತು ತೆಗೆದರು. ಸಾಹೇಬ ಬಂದದ್ದು ಮಾವನ ಸ್ಕೂಟರಿನ ಡಿಕ್ಕಿಯಲ್ಲಿ ಎಂದರು. ಆ ಮನುಷ್ಯನೂ ಕೇಳದೆ ತಂದದ್ದೇ, ಆಗ ತಾನು ವಾರಗಟ್ಟಲೆ ಗಂಡನ ಜೊತೆ ಮಾತು ಬಿಟ್ಟಿದ್ದೆ ಎಂದರು. ಹಾಗೆ ಹೇಳುವಾಗ ಮೇಲಿನ ಹಲ್ಲಿನ ಸೆಟ್ಟು ಟಕ್ಕೆಂದು ಸದ್ದು ಮಾಡಿತು. ಮದುವೆಯ ಮಾತುಕತೆಗೆ ಬಂದ ದಿನವೇ ಅಳಿಯ ಆ ಸದ್ದು ಗುರುತಿಸಿದ್ದ. ಯಾರೋ ಅವಸರದಲ್ಲಿ ಮಾಡಿದ ಸೆಟ್ಟು, ಎಡಗಡೆ ಎತ್ತರ. ಆದರೆ ಅತ್ತೆಯ ಬಾಯಿಯ ಬಗ್ಗೆ ಅಳಿಯ ಮಾತಾಡುವುದುಂಟೇ?

"ಟಕ್ ಅನ್ನತ್ತಲ್ಲ," ಎಂದರು ಅತ್ತೆ, ಬ್ರೆಡ್ಡನ್ನು ಹಾಲಿನಲ್ಲಿ ಅದ್ದುತ್ತ. "ಸರಿ ಇಲ್ಲ ಅಂತ ನಿಮಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ನನ್ನ ಜೊತೆ ಮಾತೇ ಆಡ್ತಿರಲಿಲ್ಲ."

"ಬಾಯಿ ತೆಗೆದ್ರೆ ನೀವು ನನ್ನ ಹಲ್ಲನ್ನೇ ನೋಡ್ತಿದ್ರಿ. ಅದಕ್ಕೆ ಬೆಕ್ಕಿನ ಕಡೆ ತಿರುಗಿ ಮಾತಾಡೋದು ರೂಢಿ ಆಯ್ತು."

ಅಳಿಯನಿಗೆ ನಾಚಿಕೆಯಾಯಿತು, ಜೊತೆಗೆ ನಗುವೂ ಬಂತು. ಎರಡನ್ನೂ ತಡೆದುಕೊಂಡ. ದಂತವೈದ್ಯರೊಬ್ಬರ ಬಳಿ ಹೊಸ ಅಚ್ಚು ತೆಗೆಸಿಕೊಂಡು ಬನ್ನಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದ. ಅತ್ತೆ, ಮೊಳೆಯ ಊಟಕ್ಕೆ ಕಣ್ಣಿನ ಔಷಧಿ ಇನ್ನೂ ಎಷ್ಟು ಕಾಲ ಬೆರೆಸಬೇಕು ಎಂದು ಕೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ಸಾಹೇಬ ಗಂಟಲೊಳಗೆ ಒಂದು ಸದ್ದು ಮಾಡಿದ, ಸಣ್ಣ ಚಕ್ರ ಉರುಳಿದಂತೆ. ಅವನು ಹಾಗೆ ಕೂಗಿದ್ದನ್ನು ಅತ್ತೆಯೂ ಕೇಳಿರಲಿಲ್ಲ. ಒಳಗಿನ ಅಳು ನಿಂತಿತು. ಇನ್ನೊಮ್ಮೆ ಕೂಗಿದ. ಮೊಳೆ ಜೇಡರಬಲೆ ಹೊತ್ತ ಮುಖವನ್ನು ಹೊರಗಿಟ್ಟು, ಇಬ್ಬರು ಮನುಷ್ಯರನ್ನು ನೋಡಿ ಹಿಂಜರಿಯಿತು. ಆಮೇಲೆ ಸಾಹೇಬನ ಹೊಟ್ಟೆಯ ಕೆಳಗೆ ನುಸುಳಿ ನಿಂತಿತು. ಸಾಹೇಬ ಅದರ ತಲೆಯನ್ನು ಒಂದು ಪಂಜದಿಂದ ಒತ್ತಿ ಹಿಡಿದು ಜೇಡರಬಲೆಯನ್ನೆಲ್ಲ ನೆಕ್ಕಿ ತೆಗೆದ. ಅವನು ನುಗ್ಗಿದ್ದು ಹೊಡೆಯಲೋ ಆಡಲೋ ಎಂದು ಅಳಿಯ ಮರುದಿನ ಡಾಕ್ಟರನ್ನು ಕೇಳಿದ. ಅದು ಅವನಿಗೇ ಗೊತ್ತಿತ್ತೋ ಇಲ್ಲವೋ, ಆದರೆ ನೀವು ಅವಸರ ಮಾಡಿದ್ದು ಮಾತ್ರ ನಿಜ ಎಂದರು ಆಕೆ.

ಆದ್ದರಿಂದ ಜಾಲರಿಯನ್ನು ಮತ್ತೆ ನಿಲ್ಲಿಸಿದರು. ಇಬ್ಬರೂ ಇರುವಾಗ ಮಾತ್ರ ತೆಗೆಯುವುದು, ಸ್ವಲ್ಪ ಹೊತ್ತಿಗೆ ಮುಚ್ಚುವುದು. ಈ ಸಲ ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂದು ಇಬ್ಬರೂ ಮಾತಾಡಿಕೊಳ್ಳಲೇಬೇಕಿತ್ತು. ಒಂದು ದಿನ ಜಾಲರಿ ಹಾಕುವುದು ಇಬ್ಬರಿಗೂ ಮರೆತುಹೋಯಿತು, ಏನೂ ಆಗಲಿಲ್ಲ. ಅಕ್ಕಯ್ಯ ಕೊನೆಯವರೆಗೂ ಮೊಳೆಯನ್ನು ಒಪ್ಪಲಿಲ್ಲ. ಹತ್ತಿರ ಬಂದರೆ ಒಂದು ಏಟು ಕೊಡುತ್ತಿತ್ತು, ಮೊಳೆ ಏಟು ತಿಂದು ದಾರಿ ಬಿಡುತ್ತಿತ್ತು. ಅಷ್ಟರಲ್ಲೇ ಅವುಗಳ ಸಂಸಾರ ತೂಗಿತು.

ಅತ್ತೆಯ ಹೊಸ ಸೆಟ್ಟನ್ನು ಅಳಿಯ ತಾನೇ ಕೂತು ಮಾಡಿದ. ಅದು ಟಕ್ಕೆನ್ನಲಿಲ್ಲ. ಇನ್ನು ಮೇಲೆ ಅಮ್ಮನ ಬಾಯಿಗೆ ಬಿದ್ದರೆ, ಆ ಬಾಯಿ ನಿನ್ನದೇ ಕೈಕೆಲಸ ಎಂದು ಹೆಂಡತಿ ಫೋನಿನಲ್ಲಿ ನಕ್ಕಳು.

ತರಬೇತಿ ಮುಗಿಸಿ ಅವಳು ಬಂದಾಗ ಮೊಳೆ ಬೆಳೆದಿತ್ತು, ಮರಿಯಾಗದಂತೆ ಆಪರೇಷನ್ನೂ ಆಗಿತ್ತು. ಮನೆಯಲ್ಲಿ ಎಲ್ಲೆಂದರಲ್ಲಿ ಓಡಾಡುತ್ತಿತ್ತು, ಸಾಹೇಬನ ಮೇಲೆ ಕಾಲು ಹಾಕಿ ಮಲಗುತ್ತಿತ್ತು. ಮನುಷ್ಯರಿಗೆ ಮಾತ್ರ ಮೈ ಕೊಡುತ್ತಿರಲಿಲ್ಲ. ಅಳಿಯ ಅದನ್ನು ಕೈಯಾರೆ ಒಮ್ಮೆಯೂ ನೇವರಿಸಿರಲಿಲ್ಲ. ಮೊದಲೆಲ್ಲ ಆ ಬಗ್ಗೆ ಬೇಸರವಿತ್ತು. ಯಾವಾಗ ಹೋಯಿತೋ ಅವನಿಗೆ ತಿಳಿಯದು. ಹೆಂಡತಿ ಮೀನಿನ ಚೂರು ಹಿಡಿದು ಪುಸಲಾಯಿಸಿದಳು. ಮೊಳೆ ಕುರ್ಚಿಯ ಕೆಳಗಿನಿಂದ ಬುಸ್ಸೆಂದಿತು.

"ಮುಟ್ಟಿಸಿಕೊಳ್ಳದೇ ಇರೋ ಬೆಕ್ಕನ್ನ ಸಾಕಿ ಏನಮ್ಮ ಉಪಯೋಗ?" ಎಂದು ಅವಳು ಕೇಳಿದಳು.

"ಸಾಹೇಬಂಗೆ ಬೇಕು," ಎಂದರು ಅತ್ತೆ. ಆಮೇಲೆ ಅಳಿಯನ ಕಡೆ ತಿರುಗಿ, ಸಂಜೆ ಬರುವಾಗ ಬೆಕ್ಕಿನ ಕಕ್ಕಸಿನ ಟ್ರೇಗೆ ಮಣ್ಣು ತರಬೇಕು, ಮರೀಬೇಡಿ ಎಂದರು. ಅವನು ಸರಿ ಎಂದ. ಹೆಂಡತಿ ಗಂಡನನ್ನೊಮ್ಮೆ ಅಮ್ಮನನ್ನೊಮ್ಮೆ ನೋಡಿದಳು.

ಮೀನನ್ನು ನೆಲದ ಮೇಲಿಟ್ಟು ಬೇರೆ ಕಡೆ ನೋಡು, ನೋಡುತ್ತಿದ್ದರೆ ಅದು ತಿನ್ನುವುದಿಲ್ಲ ಎಂದು ಅಳಿಯ ಹೆಂಡತಿಗೆ ಹೇಳಿದ. ಅವಳು ಹಾಗೇ ಮಾಡಿದಳು. ಸ್ವಲ್ಪ ಹೊತ್ತು ಮೂವರೂ ಮೂರು ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ಕುರ್ಚಿಯ ಕೆಳಗೆ ಮೀನಿನ ಮುಳ್ಳು ಅಗಿಯುವ ಸದ್ದು ಕೇಳಿಸಿತು.