ಬರೀ ದ್ರಾವಕದ ತಟ್ಟೆ

ಅಣುರಾಯರಿಗೆ ಆ ಅಡ್ಡಹೆಸರಿಟ್ಟವಳು ಪ್ರಯೋಗಾಲಯದ ಸಹಾಯಕಿ ತಟ್ಟೆಯಮ್ಮನೇ. ರಾಯರು ಬೆಳಿಗ್ಗೆ ಕೋಟು ತೊಡುವ ಮೊದಲೇ "ನನ್ನ ಅಣು, ನನ್ನ ಅಣು" ಎಂದು ಶುರು ಹಚ್ಚುತ್ತಿದ್ದರು; ಹೆತ್ತ ಮಗುವಿನ ಮೇಲೂ ಅಷ್ಟು ಮೋಹ ಇರಲಿಕ್ಕಿಲ್ಲ. ಆ ಅಣು ರಕ್ತದ ಬಿಳಿಕಣಗಳನ್ನು ಕೆರಳಿಸುತ್ತದಂತೆ, ಕೆರಳಿದ ಕಣಗಳು ರೋಗಾಣುಗಳನ್ನು ಗಬಗಬ ನುಂಗುತ್ತವಂತೆ. ಏಳು ವರ್ಷದಿಂದ ಅದೇ ಕಥೆ. ಬಿಳಿಕಣ, ರೋಗಾಣು ಬೆರೆತ ಹನಿಯನ್ನು ರೋಗಾಣು ಬೆಳೆಸುವ ಗಾಜಿನ ತಟ್ಟೆಗೆ ಸವರುವುದು, ಮರುದಿನ ಎದ್ದ ಚುಕ್ಕೆಗಳನ್ನು ಎಣಿಸುವುದು ತಟ್ಟೆಯಮ್ಮನ ಪಾಲು. ಒಂದೊಂದು ಚುಕ್ಕೆಯೂ ಬದುಕುಳಿದ ರೋಗಾಣುವೊಂದರ ಸಂಸಾರ. ರಾಯರು ಮಾತ್ರ ಒಂದು ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿದವರಲ್ಲ.

ಅಣುವನ್ನು ಕರಗಿಸುತ್ತಿದ್ದುದು ಘಾಟು ದ್ರಾವಕವೊಂದರಲ್ಲಿ. ಹೋಲಿಕೆಗೆ ಇಟ್ಟ ತಟ್ಟೆಗಳಿಗೆ ಮಾತ್ರ ಉಪ್ಪುನೀರು; ಅವುಗಳಲ್ಲಿ ಚುಕ್ಕೆಗಳು ಕಿಕ್ಕಿರಿದು ಏಳುತ್ತಿದ್ದವು.

"ಸರ್, ಇವಕ್ಕೂ ಅಣು ಇಲ್ಲದ ದ್ರಾವಕ ಹಾಕ್ಬೇಕಲ್ವಾ?" ಎಂದು ಅವಳು ಎರಡು ಸಲ ಕೇಳಿದ್ದಳು.

"ನೀವು ಎಣಿಸ್ರಿ. ಯೋಚನೆ ನಾನು ಮಾಡ್ತೀನಿ."

ಹೊರಗಿನವರು ಪರಿಶೀಲನೆಗೆ ಬರುತ್ತಾರೆಂದಾಗ ರಾಯರಿಗೆ ದಿಢೀರನೆ ದ್ರಾವಕದ ನೆನಪಾಯಿತು. "ಕೇಳಿದ್ರೆ ತೋರಿಸೋಕಿರಲಿ, ಬರೀ ದ್ರಾವಕ ಹಾಕಿ ಆರು ತಟ್ಟೆ ಮಾಡಿಡಿ" ಎಂದರು. ಮಾಡಿದಳು. ಬೆಳಿಗ್ಗೆ ನೋಡಿದರೆ ಆರಕ್ಕಾರೂ ತೊಳೆದಿಟ್ಟ ಹಾಗೆ ಖಾಲಿ. ಮೂರರಲ್ಲಿ ಅವಳು ಬಿಳಿಕಣವನ್ನೇ ಹಾಕಿರಲಿಲ್ಲ, ಅವೂ ಖಾಲಿ. ಅಣುವೂ ಬೇಡ, ಬಿಳಿಕಣವೂ ಬೇಡ, ದ್ರಾವಕವೊಂದೇ ರೋಗಾಣುಗಳನ್ನು ಸುಟ್ಟುಹಾಕುತ್ತಿತ್ತು. ಏಳು ವರ್ಷದ ಪವಾಡ ಅಂದರೆ ಇಷ್ಟು.

ಹೇಳಲು ಹೋದಳು. ರಾಯರು ಟೈ ಸರಿಮಾಡಿಕೊಳ್ಳುತ್ತಿದ್ದರು.

"ಖಾಲಿನಾ? ಹಾಗೆಲ್ಲ ಇರಲ್ಲ. ಉಪ್ಪುನೀರಿನ ತಟ್ಟೆಗೇ ದ್ರಾವಕ ಅಂತ ಚೀಟಿ ಅಂಟಿಸಿ ತನ್ನಿ. ನಿಮ್ಮ ಕೆಲಸ ಮುಂದುವರಿಸೋ ಕಾಗದ ನನ್ನ ಮೇಜಿನ ಮೇಲಿದೆ. ಅವರು ಹೋದ್ಮೇಲೆ ಸಹಿ ಹಾಕ್ತೀನಿ."

ಮಗಳ ಓದು, ಅಮ್ಮನ ಮಾತ್ರೆ ಎಲ್ಲ ಆ ಒಂದು ಸಹಿಗೆ ಜೋತುಬಿದ್ದಿದ್ದವು. ತಟ್ಟೆಯಮ್ಮ ಚೀಟಿ ಬರೆದಳು, ಅಂಟೂ ಹಚ್ಚಿದಳು. ಅಷ್ಟರಲ್ಲಿ ಹೇಸಿಗೆಯಾಯಿತು. ಮೋಸ ಮಾಡುವುದಕ್ಕೂ ಈ ಮಹಾಶಯನಿಗೆ ಒಂದು ಆಳು ಬೇಕು. ಚೀಟಿಯನ್ನು ಮುದ್ದೆ ಮಾಡಿ ಬುಟ್ಟಿಗೆಸೆದು, ನಿಜವಾದ ದ್ರಾವಕದ ತಟ್ಟೆಯೊಂದನ್ನೇ ಒಯ್ದಳು.

ಬಂದವರಲ್ಲಿ ಹಿರಿಯರಾದ ವೈದ್ಯೆಯೊಬ್ಬರು ಕೇಳಿಯೇ ಬಿಟ್ಟರು. "ಬರೀ ದ್ರಾವಕ ಹಾಕಿದ್ದು ಇದೆಯಾ?"

"ಇಲ್ದೆ ಏನು ಮೇಡಂ," ಎಂದ ರಾಯರು ತಟ್ಟೆಯಮ್ಮನ ಕೈಯಿಂದ ತಟ್ಟೆ ಕಿತ್ತುಕೊಂಡು, ಕಣ್ಣೂ ಹಾಯಿಸದೆ ಮುಂದೆ ಚಾಚಿದರು. "ನೋಡಿ, ಹೇಗೆ ಕಿಕ್ಕಿರಿದಿವೆ. ಅಣು ಇಲ್ದಿದ್ರೆ ಇದೇ ಗತಿ."

ವೈದ್ಯೆ ತಟ್ಟೆಯನ್ನು ದೀಪಕ್ಕೆ ಹಿಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಎಲ್ಲಿ ಸ್ವಾಮಿ ಕಿಕ್ಕಿರಿದಿರೋದು? ಒಂದು ಚುಕ್ಕೆನೂ ಇಲ್ವಲ್ಲ."

ರಾಯರ ಮುಖ ಸುಣ್ಣವಾಯಿತು. "ಈಯಮ್ಮ ಬೇರೆ ತಟ್ಟೆ ತಂದಿರ್ಬೇಕು. ಇವರದು ಯಾವಾಗಲೂ ಹೀಗೇ."

"ಇನ್ನೂ ಐದಿವೆ ಸರ್," ಎಂದಳು ತಟ್ಟೆಯಮ್ಮ. "ತರ್ಲಾ?"

"ಬೇಡ, ಬೇಡ."

"ತನ್ನಿ ತಾಯಿ," ಎಂದರು ವೈದ್ಯೆ, ಕುರ್ಚಿ ಎಳೆದುಕೊಂಡು ಕೂರುತ್ತ.

ಆ ಸಹಿ ಇನ್ನು ಬೀಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಐದೂ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಒಂದೂ ಜಾರದ ಹಾಗೆ ಗದ್ದದಿಂದ ಒತ್ತಿಹಿಡಿದು ತಂದಳು.