ನಂಜಿ ಮಾಮಿಯ ಕಿರುಬೆರಳು

ನೀಲಗಿರಿಯಲ್ಲಿ ನೂರಕ್ಕೆ ಅರವತ್ತೆರಡು ಮಂದಿಯ ಕೈಯಲ್ಲಿ ಝೆನಾರ್ ಫೋನಿದೆ ಎಂದು ಕೇಬಲ್ ಚಾನಲ್‌ನ ಸುರೇಂದ್ರನ್ ಟಿವಿಯಲ್ಲಿ ಹೇಳಿದಾಗ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಜೋರಾಗಿ ನಕ್ಕೆ. ಅರವಂಕಾಡಿನ ಬಸ್‌ಸ್ಟಾಪಿನ ಎದುರು ಒಂಬತ್ತು ವರ್ಷದಿಂದ ಫೋನ್ ರಿಪೇರಿ ಮಾಡಿಕೊಂಡು ಬಂದವಳು ನಾನು, ಜನನಿ. ಸುತ್ತಲಿನ ಹಟ್ಟಿಗಳಲ್ಲಿ ಯಾರ ಬಳಿ ಯಾವ ಫೋನಿದೆ ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಇಲ್ಲಿ ಓಡುವುದು ಮಿಲೋಕ್ ಫೋನು. ಬಿದ್ದರೂ ಏಳುತ್ತದೆ, ಬಿಡಿಭಾಗ ಸಿಗುತ್ತದೆ, ಸಾಕು.

ಸುರೇಂದ್ರನ್ ಸರ್ವೆ ಮಾಡಿದ್ದು ಎಲ್ಲಿ ಗೊತ್ತೇ? ಊಟಿಯ ಬೊಟಾನಿಕಲ್ ಗಾರ್ಡನ್ ಗೇಟಿನಲ್ಲಿ, ಅದೂ ಮೇ ತಿಂಗಳಲ್ಲಿ. ಸಂಜೆಯ ಬಸ್ಸಿಗೆ ಬೆಟ್ಟ ಇಳಿದು ಹೋಗುವ ಪ್ರವಾಸಿಗರನ್ನೆಲ್ಲ ನೀಲಗಿರಿಯವರೆಂದು ಎಣಿಸಿಕೊಂಡಿದ್ದ. ಕಾರ್ಯಕ್ರಮದ ಶುರುವಿಗೆ, ನಡುವಿಗೆ, ಕೊನೆಗೆ ಝೆನಾರ್ ಜಾಹೀರಾತು. ಇದರ ಮೇಲೆ ಮಾತು ಬೇಕೇ?

ನಕ್ಕು ಬಿಡಬಹುದಿತ್ತು. ಆದರೆ ನಮ್ಮ ಟೀ ಸೊಪ್ಪು ಕೊಳ್ಳುವ ಫ್ಯಾಕ್ಟರಿಯ ಸೆಕ್ರೆಟರಿ ರಂಗನಾಥನ್ ಮಾವ ಅದನ್ನು ನೋಡಿಬಿಟ್ಟರು. ಸೊಪ್ಪು ಕೊಡುವ ನೂರೆಂಬತ್ತು ಹೆಂಗಸರಿಗೆ ಫ್ಯಾಕ್ಟರಿಯಿಂದಲೇ ಒಂದೊಂದು ಫೋನ್ ಕೊಡುವುದೆಂದು ಆಗಲೇ ತೀರ್ಮಾನವಾಗಿತ್ತು. ಇನ್ನು ಮೇಲೆ ತೂಕದ ಚೀಟಿ ಇಲ್ಲ, ಎಲ್ಲ ಫ್ಯಾಕ್ಟರಿಯ ಆ್ಯಪ್‌ನಲ್ಲಿ. ಆ ಆ್ಯಪ್ ಬೆರಳು ಒತ್ತದೆ ತೆರೆಯುವುದಿಲ್ಲ.

"ಟಿವಿಲೇ ಹೇಳಿದ್ರಲ್ಲಮ್ಮ, ಝೆನಾರೇ ನಂಬರ್ ಒನ್ನು. ಅದನ್ನೇ ತರಿಸೋಣ," ಎಂದರು ಮಾವ.

ಝೆನಾರ್ ಬಂದರೆ ನನ್ನ ಅಂಗಡಿ ಮುಚ್ಚಿದಂತೆ. ಆ ಕಂಪನಿ ಹೊರಗಿನ ರಿಪೇರಿಯವರಿಗೆ ಬಿಡಿಭಾಗ ಮಾರುವುದೇ ಇಲ್ಲ. ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಆ ನೂರೆಂಬತ್ತು ಮನೆಯವರೇ. ಸ್ವಾರ್ಥವನ್ನು ನಾನು ಮುಚ್ಚಿಡುವವಳಲ್ಲ. ಹಾಗೆಂದು ನನ್ನ ಮಾತು ಸುಳ್ಳಾಗುತ್ತದೆಯೇ?

"ಮಾವ, ಟಿವಿಯವರನ್ನೂ ಝೆನಾರಿನವರನ್ನೂ ಸೊಪ್ಪು ತೂಗೋ ಶೆಡ್ಡಿಗೆ ಕರೀರಿ. ನಮ್ಮ ಹೆಂಗಸರ ಕೈಗೆ ಆ ಫೋನ್ ತೆರೆದರೆ ನಾ ಬಾಯಿ ಮುಚ್ಚಿಕೊಂಡಿರ್ತೀನಿ," ಎಂದೆ.

ಧೈರ್ಯಕ್ಕೆ ಕಾರಣವಿತ್ತು. ಸೊಪ್ಪು ಚಿವುಟುವವರ ಹೆಬ್ಬೆರಳಿಗೂ ತೋರುಬೆರಳಿಗೂ ರಸ ಹತ್ತಿ ಕಪ್ಪು ಕಲೆ ಕೂರುತ್ತದೆ, ಚರ್ಮ ಬಿರಿಯುತ್ತದೆ. ಯಾವ ಸೋಪಿಗೂ ಅದು ಬಗ್ಗುವುದಿಲ್ಲ. ಭಾನುವಾರ ಇದ್ದ ಹೆಬ್ಬೆರಳು ಶುಕ್ರವಾರ ಇರುವುದಿಲ್ಲ, ಫೋನಿಗೆ ಗುರುತು ಸಿಗುವುದಿಲ್ಲ. ಕಿರುಬೆರಳು ಮಾತ್ರ ಸೊಪ್ಪಿನ ತಂಟೆಗೆ ಹೋಗುವುದಿಲ್ಲ. ಅದಕ್ಕೇ ನಾನು ಹಟ್ಟಿಯ ಹೆಂಗಸರ ಫೋನಿಗೆಲ್ಲ ಕಿರುಬೆರಳಿನ ಗುರುತನ್ನೇ ಹಾಕಿಕೊಡುತ್ತೇನೆ. ಈ ಗುಟ್ಟು ಕೊಯಮತ್ತೂರಿನ ಝೆನಾರ್‌ನವರಿಗೆ ಹೇಗೆ ಗೊತ್ತಾಗಬೇಕು? ನಾನಂತೂ ಹೇಳುವವಳಲ್ಲ.

ಮಾವ ಒಪ್ಪಿದರು, ಪರೀಕ್ಷೆ ಶುಕ್ರವಾರಕ್ಕೆ ಗೊತ್ತಾಯಿತು. ಝೆನಾರ್ ಕಂಪನಿಯ ಮ್ಯಾನೇಜರ್ ಹರಿಹರನ್ ಭಾನುವಾರವೇ ಕೊಯಮತ್ತೂರಿನಿಂದ ಬಂದು ನಮ್ಮ ನಂಜಿ ಮಾಮಿಯ ಬೆರಳಿನ ಗುರುತು ಹಾಕಿಸಿಕೊಂಡು ಹೋದ. ಮಾಮಿ ನನ್ನಪ್ಪನ ಅಕ್ಕ. ಅರವತ್ತು ದಾಟಿದರೂ ಚಿವುಟುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಶುಕ್ರವಾರ ಮಧ್ಯಾಹ್ನ ಶೆಡ್ ತುಂಬಿಹೋಗಿತ್ತು. ಸುರೇಂದ್ರನ್ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಮಾಮಿ ಸೊಪ್ಪಿನ ಮೂಟೆ ಇಳಿಸಿ, ಹೊಳೆಯುವ ಝೆನಾರನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳು ಒತ್ತಿದಳು. ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದಳು. ಮೂರನೆಯ ಸಲಕ್ಕೂ ಇಲ್ಲ.

"ಕೈ ಸ್ವಲ್ಪ ತೊಳೆದುಕೊಂಡು ಬನ್ನಿ ಅಮ್ಮ," ಎಂದು ಹರಿಹರನ್ ತಮಿಳಿನಲ್ಲಿ ಹೇಳಿದ.

"ತೊಳೆದೇ ಬಂದದ್ದು ತಂಬಿ," ಎಂದು ಮಾಮಿ ತಮ್ಮನಿಗೆ ಹೇಳುವಂತೆ ಹೇಳಿದಳು.

ನನಗೆ ಅಷ್ಟೇ ಸಾಕಾಯಿತು. ಸುರೇಂದ್ರನ್ ಕೈಯಿಂದ ಮೈಕ್ ಕಿತ್ತುಕೊಂಡೆ. "ನೋಡಿದ್ರಾ ಎಲ್ಲರೂ? ಈ ಹಟ್ಟಿಯ ಒಂದು ಕೈಗೂ ಈ ಫೋನ್ ತೆರೆಯೋದಿಲ್ಲ! ನಂಬರ್ ಒನ್ ಅಂತೆ!"

ಮಾತು ಮುಗಿಯುವ ಮೊದಲೇ ಮಾಮಿ ಕಿರುಬೆರಳು ಒತ್ತಿದಳು. ಫೋನ್ ಬೆಳಗಿತು, ಅವಳ ಸೊಪ್ಪಿನ ತೂಕವೆಲ್ಲ ಸಾಲಾಗಿ ಕಾಣಿಸಿತು.

"ಏ ಹೆಣ್ಣೇ, ಇದು ಆತಲ್ಲ! ನೀನೇ ತಾನೇ ಎನಗೆ ಹೇಳಿಕೊಟ್ಟದ್ದು? ಭಾನುವಾರ ಈ ತಂಬಿಗೆ, ಎನ್ನ ಕಿರುಬೆರಳನ್ನೂ ಹಾಕು ಅಂದೆ, ಪಾಪ ಹಾಕಿಕೊಟ್ಟ," ಎಂದಳು ಮಾಮಿ, ನನಗೆ ಸಹಾಯ ಮಾಡಿದವಳ ಖುಷಿಯಲ್ಲಿ.

ಶೆಡ್ಡಿಗೆ ಶೆಡ್ಡೇ ನಕ್ಕಿತು. ನನಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಅದೂ ನನ್ನ ಮೇಲೆಯೇ. ಊರಿಗೆಲ್ಲ ಹಂಚಿದ ಉಪಾಯವನ್ನು ಗುಟ್ಟು ಎಂದುಕೊಂಡಿದ್ದೆನಲ್ಲ! ಗೇಟಿನ ಮುಂದೆ ನಿಂತು ತನಗೆ ಬೇಕಾದವರನ್ನಷ್ಟೇ ಎಣಿಸಿದ ಸುರೇಂದ್ರನ್‌ಗೂ ನನಗೂ ಆ ಹೊತ್ತಿನಲ್ಲಿ ಏನು ವ್ಯತ್ಯಾಸ? ಮೈಕ್ ಅವನ ಕೈಗೆ ವಾಪಸು ಕೊಟ್ಟೆ. ರಂಗನಾಥನ್ ಮಾವ ಆರ್ಡರ್ ಬರೆಯಲು ಪೆನ್ನು ಹುಡುಕುತ್ತಿದ್ದರು.

ಆದರೆ ಮಾಮಿ ಫೋನನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿ ಹರಿಹರನ್ ಕಡೆ ತಿರುಗಿದಳು.

"ತಂಬಿ, ಇದು ಕೆಟ್ಟರೆ ನಮ್ಮ ಜನನಿ ಸರಿ ಮಾಡ್ತಾಳಾ?"

"ಇಲ್ಲಮ್ಮ. ಕೊಯಮತ್ತೂರಿನಲ್ಲಿ ನಮ್ಮದೇ ಸರ್ವಿಸ್ ಸೆಂಟರ್ ಇದೆ. ದೊಡ್ಡ ಸೆಂಟರ್. ಹತ್ತು ದಿನದಲ್ಲಿ ವಾಪಸು ಬರುತ್ತದೆ."

"ಹತ್ತು ದಿನ ಎನ್ನ ಸೊಪ್ಪಿನ ತೂಕ ಯಾರು ನೋಡೋದು? ನೀ ಬಂದು ನೋಡ್ತೀಯಾ?"

ಮಾಮಿ ಫೋನನ್ನು ಸೆರಗಿನಲ್ಲಿ ಚೆನ್ನಾಗಿ ಒರೆಸಿ ಹರಿಹರನ್‌ನ ಅಂಗೈಯಲ್ಲಿಟ್ಟಳು. "ಒಳ್ಳೇ ಫೋನು ತಂಬಿ, ಕೋಪ ಮಾಡಿಕೊಳ್ಳಬೇಡ," ಎಂದಳು. ಆಮೇಲೆ ಮಾವನಿಗೆ ಕೇಳುವಂತೆ, "ರಂಗನಾಥಾ, ಒಂದನೇ ನಂಬರೋ ಹತ್ತನೇ ನಂಬರೋ ನಮಗೆ ಬೇಡ. ಈ ಹೆಣ್ಣು ಸರಿ ಮಾಡೋ ಫೋನ್ ಕೊಡು," ಎಂದಳು. ಹಿಂದೆ ನಿಂತಿದ್ದ ಹೆಂಗಸರೆಲ್ಲ ಹೌದು ಹೌದು ಎಂದರು.

ಮುಂದಿನ ವಾರ ಮಾಮಿ ಟಿವಿ ನೋಡಲೆಂದೇ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಸುರೇಂದ್ರನ್ ತೋರಿಸಿದ್ದು ಹನ್ನೊಂದೇ ಸೆಕೆಂಡು: ಮಾಮಿಯ ಕಿರುಬೆರಳು, ಬೆಳಗುವ ಫೋನು, ಅವಳ ನಗು. ಕೆಳಗೆ, "ಹಟ್ಟಿಯ ತಾಯಂದಿರ ಮೆಚ್ಚಿನ ಝೆನಾರ್." ಹೆಬ್ಬೆರಳಿನ ಪಾಡೂ ಇಲ್ಲ, ಹತ್ತು ದಿನದ ಮಾತೂ ಇಲ್ಲ.

"ನಾ ಚೆಂದ ಕಾಣ್ತೀನಾ?" ಎಂದು ಕೇಳಿದಳು ಮಾಮಿ.

"ಚೆಂದ ಕಾಣ್ತೀ ಮಾಮಿ," ಎಂದೆ. ನನ್ನ ಹಿಂದೆ ಗೋಡೆಯುದ್ದಕ್ಕೂ ನೂರೆಂಬತ್ತು ಮಿಲೋಕ್ ಡಬ್ಬಗಳಿದ್ದವು, ಬಾಗಿಲಾಚೆ ಬಸ್‌ಸ್ಟಾಪಿನ ತನಕ ಹೆಂಗಸರ ಸಾಲಿತ್ತು. ನಾನು ಮೊದಲ ಡಬ್ಬ ಬಿಚ್ಚಿದೆ. "ಈಗ ಬೆರಳು ಕೊಡು."

ಯಾವ ಬೆರಳೆಂದು ಅವಳು ಕೇಳಲಿಲ್ಲ.