ಯುಸ್ಟಿನಾ ಕೊಟ್ಟ ಬಳ್ಳಿ

ಹೆಣವಾಗಿ ಮಲಗಿದ್ದ ಯುಸ್ಟಿನಾಳ ಗದ್ದದಡಿ ತಲೆವಸ್ತ್ರದ ಗಂಟು ಬಿಗಿಯುತ್ತಿದ್ದ ತೆಕ್ಲಾ ಅರ್ಧಕ್ಕೇ ಕೈಬಿಟ್ಟಳು. ಬೆಳಿಗ್ಗೆಯೇ ಕುಣಿ ತೋಡುವವರ ಜೊತೆ ಗುಡ್ಡದ ಸ್ಮಶಾನಕ್ಕೆ ಹೋಗಿದ್ದ ತೆಕ್ಲಾಳ ಗಂಡ ಸ್ಟಾಖ್, ಬೂಟಿನ ತುಂಬ ಮಣ್ಣು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಕುಣಿ ಆಯ್ತು. ಅವಳು ಕೇಳ್ಕೊಂಡಿದ್ದ ಹಾಗೇ, ಅವಳ ಇಲ್ಕೋನ ಪಕ್ಕದಲ್ಲೇ," ಎಂದ. "ಆದ್ರೆ ಒಂದು ತಮಾಷೆ ಕೇಳು. ಇಲ್ಕೋನ ಗೋರಿ ತುಂಬ ಬಾರ್ವಿನೋಕ್ ಬಳ್ಳಿ ಹಬ್ಬಿದೆ. ಕುರಿ ಉಣ್ಣೆ ಕತ್ತರಿಸ್ದಂಗೆ ಯಾರೋ ಕತ್ತರಿಸಿದಾರೆ. ಶಿಲುಬೆ ಬುಡದಲ್ಲಿ ಇದು ಸಿಕ್ತು."

ಜೇಬಿನಿಂದ ತೆಗೆದದ್ದು ಒಂದು ಕತ್ತರಿ. ಹಿಡಿಗೆ ಕೆಂಪು ಉಣ್ಣೆ ನೂಲು ಸುತ್ತಿತ್ತು. ಅಲ್ಲಿದ್ದ ಹೆಂಗಸರಿಗೆಲ್ಲ ಅದರ ಗುರುತು ಹತ್ತಿತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಯುಸ್ಟಿನಾ ಅವರೆಲ್ಲರ ಮದುವೆಗೂ, ತಲೆಗೆ ಮುಡಿಯುವ ದಂಡೆಗೆಂದು, ತನ್ನ ಗೇಟಿನ ಹತ್ತಿರ ಬಾರ್ವಿನೋಕ್ ಬಳ್ಳಿ ತಂದುಕೊಟ್ಟಿದ್ದಳು.

ತೆಕ್ಲಾ ಕಣ್ಣಲ್ಲೇ ಗದರಿದಳು. ಸ್ಟಾಖ್‌ಗೆ ಕಣ್ಸನ್ನೆ ಐವತ್ತು ವರ್ಷದಿಂದ ಅರ್ಥವಾದದ್ದಿಲ್ಲ, ಇವತ್ತು ಆಗುತ್ತದೆಯೇ?

ಮೇಣದ ಬತ್ತಿ ಹಿಡಿದು ಹೆಣದ ಕಾಲ ಬಳಿ ಕೂತಿದ್ದ ಓದಾರ್ಕಾ ಎದ್ದು ಸೀದಾ ಯುಸ್ಟಿನಾಳ ಹಿತ್ತಿಲಿಗೆ ಹೋಗಿಬಂದಳು. ಮರುದಿನ ಭಾನುವಾರ ಅವಳ ಮೊಮ್ಮಗನಿಗೂ ತೆಕ್ಲಾಳ ಮೊಮ್ಮಗಳು ಸೊಲೊಮಿಯಾಗೂ ಮದುವೆ.

"ಹಿತ್ತಿಲಲ್ಲಿ ಬರೀ ತುರಿಕೆಗಿಡ. ಬಾರ್ವಿನೋಕ್ ಒಂದೆಳೆ ಇಲ್ಲ," ಎಂದಳು. "'ಒಳಗೆ ಬರ್ಬೇಡಿ, ಬೇರೆಯವರ ನೆರಳು ಬಿದ್ರೆ ಬಳ್ಳಿ ಬಾಡುತ್ತೆ' ಅಂತಿದ್ದಳಲ್ಲ, ಈಗ ತಿಳೀತು! ಹೆಣದ ಮೇಲಿನ ಬಳ್ಳೀನ ನಮ್ಮೆಲ್ಲರ ತಲೆಗೂ ಮುಡಿಸಿದಾಳೆ. ನನ್ ಗಂಡ ಕುಡ್ದು ಕುಡ್ದು ಹಾಳಾಗಿದ್ದು ಸುಮ್ನೇನಾ?"

"ನಿನ್ ಗಂಡ ಮದ್ವೆಗೆ ಮುಂಚೇನೇ ಕುಡೀತಿದ್ನಲ್ಲಮ್ಮಾ," ಎಂದ ಸ್ಟಾಖ್.

"ನೀನು ಸುಮ್ನಿರಯ್ಯಾ! ತೆಕ್ಲಾ, ನೋಡು, ಈಗ್ಲೇ ಹೇಳಿಬಿಡ್ತೀನಿ. ಆ ದಂಡೆ ಮುಡ್ಕೊಂಡು ನಿನ್ನ ಮೊಮ್ಮಗಳು ನಮ್ಮನೆ ಹೊಸ್ತಿಲು ತುಳಿಯೋ ಹಂಗಿಲ್ಲ."

ದಂಡೆಯನ್ನು ನಿನ್ನೆಯೇ ಹೊಲಿದಾಗಿತ್ತು. ಗುರುವಾರ ಬಳ್ಳಿ ಕೊಟ್ಟಿದ್ದ ಯುಸ್ಟಿನಾ ಅದೇ ರಾತ್ರಿ ನಿದ್ದೆಯಲ್ಲೇ ಕಣ್ಣು ಮುಚ್ಚಿದ್ದಳು.

*

ಐವತ್ತು ವರ್ಷದ ಹಿಂದೆ, ತೆಕ್ಲಾಳ ಮದುವೆಯ ವರ್ಷ, ಹಿಮವೇ ಬೀಳದೆ ಬರೀ ಕೊರೆಯುವ ಚಳಿ. ಊರಿನ ಹಿತ್ತಿಲುಗಳಲ್ಲಿ ಬಾರ್ವಿನೋಕ್ ಸುಟ್ಟು ಕರಕಲಾಗಿತ್ತು. ಬಳ್ಳಿಯ ದಂಡೆಯಿಲ್ಲದೆ ಮದುವೆಯುಂಟೇ? ಹತ್ತೊಂಬತ್ತರ ತೆಕ್ಲಾ ಮನೆಮನೆ ಅಲೆದು, ಕೊನೆಗೆ ಅಳುತ್ತ ಯುಸ್ಟಿನಾಳ ಗೇಟಿಗೆ ಬಂದಿದ್ದಳು. ಯಾರ ಬಾಗಿಲಿಗೆ ಬಂದಿದ್ದೇನೆಂಬ ಎಚ್ಚರವೂ ಅವಳಿಗಿರಲಿಲ್ಲ. ಯುಸ್ಟಿನಾಳನ್ನು ಮದುವೆಯಾಗಬೇಕಿದ್ದ ಇಲ್ಕೋ ಹಿಂದಿನ ವರ್ಷವಷ್ಟೇ ಕಾಡಿನಲ್ಲಿ ಮೈಮೇಲೆ ಮರ ಬಿದ್ದು ಸತ್ತಿದ್ದ.

"ಅಳ್ಬೇಡ ಕಣೇ. ನಾಳೆ ಬೆಳಿಗ್ಗೆ ಬಾ," ಎಂದಿದ್ದಳು ಯುಸ್ಟಿನಾ.

ಬೆಳಿಗ್ಗೆ ಹೋದರೆ ಉಡಿ ತುಂಬ ಹಸಿರು ಬಳ್ಳಿ. ಕೊಟ್ಟವಳ ಕಣ್ಣು ಊದಿತ್ತು. ಲಂಗದ ಅಂಚಿಗೆ ಗುಡ್ಡದ ಕೆಮ್ಮಣ್ಣು ಹತ್ತಿತ್ತು. ಮದುವೆಯ ಹುಡುಗಿಗೆ ಬೇರೆಯವರ ಕಣ್ಣು, ಲಂಗ ಎಲ್ಲಿ ಕಾಣಬೇಕು? ಆಮೇಲೆ ಯುಸ್ಟಿನಾಳ ಕೈ ಒಳ್ಳೆಯದೆಂದು ಊರೆಲ್ಲ ಮಾತಾಯಿತು. ಪ್ರತಿ ಮದುವೆಗೂ ಬಂದು ಕೇಳಿದರು. ಅವಳು ಯಾರಿಗೂ ಇಲ್ಲವೆನ್ನಲಿಲ್ಲ.

*

ತೆಕ್ಲಾ ಮನೆಗೆ ಹೋಗಿ ದಂಡೆ ತಂದಳು. ದೃಷ್ಟಿಯಾಗದಿರಲೆಂದು ಹೊಲಿದಿದ್ದ ಬೆಳ್ಳುಳ್ಳಿ ಎಸಳು ಎಲೆಗಳ ನಡುವೆ ಬೆಳ್ಳಗೆ ಕಾಣುತ್ತಿತ್ತು. ಅದನ್ನು ಯುಸ್ಟಿನಾಳ ತಲೆವಸ್ತ್ರದ ಮೇಲೆ ಇಟ್ಟಳು.

"ಎಪ್ಪತ್ತು ದಾಟಿದ ಮುದುಕಿಗಾ?" ಎಂದಿತು ಒಂದು ದನಿ.

"ಮದ್ವೆಯಾಗ್ದೆ ಸತ್ತವಳನ್ನ ದಂಡೆ ಮುಡಿಸೇ ಕಳಿಸ್ಬೇಕು. ಅದರಲ್ಲಿ ಹುಡುಗಿ, ಮುದುಕಿ ಅಂತಿದ್ಯಾ?" ಎಂದಳು ತೆಕ್ಲಾ.

ಓದಾರ್ಕಾಳ ಮುಖ ಸಡಿಲವಾಯಿತು. "ಹೋಗ್ಲಿ ಬಿಡು, ಹೆಣದ್ದು ಹೆಣಕ್ಕೇ ಹೋಯ್ತು. ಪಕ್ಕದೂರಿಂದ ಬೇರೆ ಬಳ್ಳಿ ತರಿಸೋಣ, ಬೀಗಿತ್ತಿ."

ತೆಕ್ಲಾ ಗಂಡನ ಕೈಯಿಂದ ಕತ್ತರಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡಳು.

ಗುಡ್ಡದ ಮೇಲೆ ಪಾದ್ರಿಯ ಪ್ರಾರ್ಥನೆ ಮುಗಿದು, ಕುಣಿ ಮುಚ್ಚಿ, ಜನ ಕೈಯ ಮಣ್ಣು ಕೊಡವಿಕೊಂಡು ಹೊರಟಿದ್ದರು. ಹಿಂದಿನಿಂದ ಕತ್ತರಿಯ ಸದ್ದು ಬಂತು. ಇಲ್ಕೋನ ಗೋರಿಯ ಮುಂದೆ ತೆಕ್ಲಾ ಮಂಡಿಯೂರಿದ್ದಳು.

"ಏನೇ ಮಾಡ್ತಿದ್ದೀಯ!" ಓದಾರ್ಕಾ ಕೂಗಿದಳು.

"ನಾಳೆಗೆ ಬಳ್ಳಿ ಬೇಕಲ್ಲ."

"ನಿಂಗೇನ್ ತಲೆ ಕೆಟ್ಟಿದ್ಯಾ? ಮದ್ವೆ ನಿಂತೋಗುತ್ತೆ!"

"ಅವಳು ಅಳ್ತಾ ಕುಯ್ದಿದ್ದನ್ನ ನಾನು ನಗ್ತಾ ಮುಡ್ಕೊಂಡೆ, ಓದಾರ್ಕಾ. ಈಗ ಹೇಸ್ಕೊಳ್ಳೋಕೆ ನನ್ ಕೈಲಾಗಲ್ಲ."

ಹೇಳಿದಳೇ ಹೊರತು ಅವಳಿಗೂ ಭಯವಾಗಿತ್ತು. ಆ ಬಳ್ಳಿ ಮುಡಿದು ಬಾಳಬೇಕಾದವಳು ತಾನಲ್ಲ. ಕತ್ತರಿ ನಿಲ್ಲಿಸಿ, ಜನರ ನಡುವೆ ನಿಂತಿದ್ದ ಮೊಮ್ಮಗಳ ಕಡೆ ತಿರುಗಿದಳು.

ಸೊಲೊಮಿಯಾಳ ಮುಖ ಬಿಳಿಚಿಕೊಂಡಿತ್ತು. ಓದಾರ್ಕಾಳನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಬಂದು ಪಕ್ಕದಲ್ಲಿ ಕೂತು ಉಡಿಯೊಡ್ಡಿದಳು.

ಓದಾರ್ಕಾ ದುಡುದುಡು ಸ್ಮಶಾನದ ಗೇಟಿನವರೆಗೆ ಹೋಗಿ ನಿಂತುಬಿಟ್ಟಳು. ಹೊರಗೆ ಕಾಲಿಡಲಿಲ್ಲ, ತಿರುಗಿಯೂ ನೋಡಲಿಲ್ಲ.

ಕುಣಿ ತೋಡಿದವರ ಸನಿಕೆಗೆ ಸಿಗದೆ ಉಳಿದ ಒಂದು ಎಳೆ ಇಲ್ಕೋನ ಕಡೆಯಿಂದ ಯುಸ್ಟಿನಾಳ ಹೊಸ ಮಣ್ಣಿನ ಮೇಲೆ ಚಾಚಿಕೊಂಡಿತ್ತು. ತೆಕ್ಲಾ ಅದನ್ನು ಕುಯ್ಯಲಿಲ್ಲ. ಅಲ್ಲೇ ಬೇರೂರಲೆಂದು ಅದರ ಗೆಣ್ಣಿನ ಮೇಲೆ ಒಂದು ಹಿಡಿ ಮಣ್ಣೆಳೆದು ಅಂಗೈಯಿಂದ ಒತ್ತಿದಳು.